ಕಪಿಲೆಗೆ ಎರಡು ಹಗ್ಗ

ಭೌತಶಾಸ್ತ್ರವನ್ನು ನಾನು ಕಿಟಕಿಯ ಹೊರಗೆ ಕುಳಿತು ಕಲಿತೆ. ಇದನ್ನು ಹೇಳಿದರೆ ಕೆಲವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಇನ್ನು ಕೆಲವರು ‘ಅದಕ್ಕೇ ನೋಡಿ, ಇಷ್ಟು ಗಟ್ಟಿಯಾದಿರಿ’ ಎಂದು ಮೆಚ್ಚುತ್ತಾರೆ. ಎರಡೂ ನನಗೆ ಬೇಡ. ಬಿಸಿಲಲ್ಲಿ ಕೂತರೆ ಮಕ್ಕಳು ಗಟ್ಟಿಯಾಗುವುದಾದರೆ ಅವರವರ ಮಕ್ಕಳನ್ನು ನಾಲ್ಕು ಶುಕ್ರವಾರ ಕೂರಿಸಿ ನೋಡಲಿ, ಆಮೇಲೆ ಮಾತಾಡೋಣ.

ಶುಕ್ರವಾರ ಎಂದೆ, ಯಾಕೆಂದರೆ ನಿಜಾಮರ ಕಾಲದಲ್ಲಿ ಶಾಲೆಗೆ ರಜೆ ಇರುತ್ತಿದ್ದದ್ದು ಶುಕ್ರವಾರ. ಲಿಂಗಸುಗೂರಿನ ವಸ್ತಾನಿಯಾ ಶಾಲೆಯಲ್ಲಿ, ಅಂದರೆ ಈಗಿನವರ ಮಾತಿನಲ್ಲಿ ಮಾಧ್ಯಮಿಕ ಶಾಲೆಯಲ್ಲಿ, ನಾನು ಆಗ ಕೊನೆಯ ತರಗತಿಯಲ್ಲಿದ್ದೆ. ಆ ವರ್ಷದ ಇಮ್ತಿಹಾನಿನಲ್ಲಿ ಪಾಸಾದರೆ ರಾಯಚೂರಿನ ಹೈಸ್ಕೂಲು, ಇಲ್ಲವಾದರೆ ಅಪ್ಪನ ಪಕ್ಕದಲ್ಲಿ ಕುಳಿತು ತೊಗಲು ಹೊಲಿಯುವುದು. ನಮ್ಮ ಕೇರಿಯಿಂದ ಅಷ್ಟು ದೂರ ಓದಿದವನು ನಾನೊಬ್ಬನೇ. ಅಪ್ಪ, ಎತ್ತು ಕಟ್ಟಿ ನೀರೆಳೆಯುವ ಕಪಿಲೆ ಬಾವಿಗಳಿಗೆ ತೊಗಲಿನ ಚೀಲ ಹೊಲಿಯುತ್ತಿದ್ದ. ಮಸ್ಕಿಯಲ್ಲಿ ಹದ ಮಾಡಿದ ತೊಗಲು ತಂದು, ಹೊಲಿದು, ಸಿಂಧನೂರಿನ ಕಡೆಯ ತೋಟಗಳಿಗೆಲ್ಲ ಹೊತ್ತು ಕೊಟ್ಟು ಬರುತ್ತಿದ್ದ. ಅಪ್ಪ ಹೊಲಿದ ಚೀಲದಲ್ಲಿ ಬಂದ ನೀರು ಅವರ ಬೆಳೆಗೆ ಆಗುತ್ತಿತ್ತು, ದನಕ್ಕೆ ಆಗುತ್ತಿತ್ತು, ಬಾಯಾರಿದಾಗ ಅವರ ಬಾಯಿಗೂ ಆಗುತ್ತಿತ್ತು. ಅದೇ ಬಾವಿಯಲ್ಲಿ ಅಪ್ಪ ಕೈ ಅದ್ದಿದರೆ ಮಾತ್ರ ಆಗುತ್ತಿರಲಿಲ್ಲ. ಇದರಲ್ಲಿ ಯಾವ ನ್ಯಾಯ ಇದೆ ಎಂದು ನಾನು ಚಿಕ್ಕಂದಿನಿಂದ ಲೆಕ್ಕ ಹಾಕುತ್ತಾ ಬಂದಿದ್ದೇನೆ, ಇವತ್ತಿಗೂ ಉತ್ತರ ಸಿಕ್ಕಿಲ್ಲ.

ನಮ್ಮ ವಿಜ್ಞಾನದ ಪುಸ್ತಕ ಉರ್ದುವಿನಲ್ಲಿತ್ತು. ತೂಕಕ್ಕೆ ವಜನ್, ಬಲಕ್ಕೆ ಕುವ್ವತ್, ಸಾಂದ್ರತೆಗೆ ಕಸಾಫತ್. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲದ ನಮಗೆ ಆ ಪುಟಗಳು ಕಬ್ಬಿಣದ ಕಡಲೆ. ಶಾಲೆಯಲ್ಲಿ ಮಾಸ್ತರರು ಪಾಠವನ್ನು ಉರ್ದುವಿನಲ್ಲೇ ಓದಿ ಮುಗಿಸಬೇಕಿತ್ತು. ಮನೆಗೆಂದು ಕೊಟ್ಟ ಲೆಕ್ಕಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದದ್ದು ಶುಕ್ರವಾರ ಬೆಳಿಗ್ಗೆ, ಅವರ ಮನೆಯ ಪಡಸಾಲೆಯಲ್ಲಿ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಯಾರು ಬೇಕಾದರೂ ಬರಬಹುದಿತ್ತು.

ನಾನೂ ಬರಬಹುದಿತ್ತು, ಹೊಸ್ತಿಲ ತನಕ. ಅದು ಮಡಿಯ ಮನೆ, ಮಾಸ್ತರರ ವಯಸ್ಸಾದ ತಾಯಿ ಅದರ ಯಜಮಾನಿ. ಎಂಟು ಹತ್ತು ಹುಡುಗರು ಒಳಗೆ ಚಾಪೆಯ ಮೇಲೆ ಕೂರುತ್ತಿದ್ದರು. ನಾನು ಅಂಗಳದ ಬೇವಿನ ಗಿಡದ ಬುಡದಲ್ಲಿ, ಕಿಟಕಿಗೆ ನೇರವಾಗಿ ಕೂರುತ್ತಿದ್ದೆ. ಕಿಟಕಿಯಿಂದ ನನಗೆ ಕಾಣುತ್ತಿದ್ದದ್ದು ಒಂದು ಕಂಬ, ಮಾಸ್ತರರ ಎಡಗೈ, ಅಷ್ಟೇ. ಕರಿಹಲಗೆ ಇದ್ದದ್ದು ಬಲಗಡೆಯ ಗೋಡೆಗೆ. ಒಂದು ವರ್ಷ ಪೂರ್ತಿ ಆ ಹಲಗೆಯನ್ನು ನಾನು ನೋಡಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ದೊಡ್ಡದೇನೂ ಅಲ್ಲ, ಅದರ ಮೇಲೆ ಏನು ಬರೆದಿದ್ದಾರೆ ಎಂದು ಕಣ್ಣಿನಿಂದ ನೋಡಬೇಕಿತ್ತು.

ಮಾಸ್ತರರು ಕೆಟ್ಟವರಲ್ಲ. ನನಗೆ ಕೇಳಲಿ ಎಂದು ದನಿ ಎತ್ತರಿಸಿ ಪಾಠ ಹೇಳುತ್ತಿದ್ದರು. ಚಿತ್ರ ಬರೆಯುವಾಗ ಒಂದೊಂದು ಗೆರೆಯನ್ನೂ ಬಾಯಲ್ಲಿ ಹೇಳುತ್ತಿದ್ದರು. “ಇಲ್ಲೊಂದು ಸಲಾಕಿ. ಸಲಾಕಿ ನಡುವ ಒಂದು ಕಲ್ಲು. ಆ ಕಡೆ ಭಾರ, ಈ ಕಡೆ ನಿಮ್ಮ ಕೈ.” ಕೇಳಿದವರು ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ಅನ್ನಲಿ. ದನಿಯನ್ನು ಹೊರಗೆ ಕಳಿಸುವಷ್ಟು ಮನಸ್ಸಿದ್ದವರಿಗೆ ಹಲಗೆಯನ್ನು ಹೊರಗೆ ತರುವಷ್ಟು ಇರಲಿಲ್ಲ, ಅದನ್ನೂ ಸೇರಿಸಿ ಹೇಳಲಿ.

ಚಿತ್ರ ಕಾಣದ್ದರಿಂದ ನಾನು ನನ್ನದೇ ಚಿತ್ರ ಬರೆದುಕೊಳ್ಳುತ್ತಿದ್ದೆ, ಕಡ್ಡಿಯಿಂದ ಮಣ್ಣಿನಲ್ಲಿ. ಸಲಾಕೆ ಎಂದರೆ ಕೇರಿಯವರು ಬಂಡೆ ಸರಿಸುವ ಸಲಾಕೆಯನ್ನೇ ಬರೆಯುತ್ತಿದ್ದೆ. ಇಳಿಜಾರು ಎಂದರೆ ಕಪಿಲೆ ಎತ್ತುಗಳು ಇಳಿಯುವ ದಾರಿ. ಒಳಗಿನವರ ಉತ್ತರಕ್ಕೂ ನನ್ನ ಉತ್ತರಕ್ಕೂ ತಾಳೆ ಬೀಳುತ್ತಿತ್ತು. ಶನಿವಾರ ಶಾಲೆಯಲ್ಲಿ ನೋಟುಬುಕ್ಕು ತೋರಿಸಿದಾಗ ಮಾಸ್ತರರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ನನ್ನ ಕೈಗೆ ಕೊಡದೆ ನೆಲದ ಮೇಲೆ ಇಡುತ್ತಿದ್ದರು. ನಾನು ಎತ್ತಿಕೊಳ್ಳುತ್ತಿದ್ದೆ.

ಇಮ್ತಿಹಾನಿಗೆ ಒಂದೂವರೆ ತಿಂಗಳಿದ್ದಾಗ ಬಂತು ಆ ಲೆಕ್ಕ. ಒಳಗಿನಿಂದ ಮಾಸ್ತರರ ದನಿ: “ಬಾವಿ ಮ್ಯಾಲೆ ಒಂದು ಗಾಲಿ ಐತಿ. ಗಾಲಿ ಮ್ಯಾಲಿಂದ ಹಗ್ಗ ಹಾಕಿ ಎತ್ತು ತೊಗಲಿನ ಚೀಲ ಎಳಿಯಾಕತ್ತಾವ. ಚೀಲ, ನೀರು ಕೂಡಿ ನಾಕು ಮಣ. ಹಗ್ಗದ ಮ್ಯಾಲೆ ಬೀಳೋ ಕುವ್ವತ್ ಎಷ್ಟು? ಯಾಕ? ಕಾರಣ ಸಮೇತ ನಾಳಿಗೆ ಬರಕೊಂಡು ಬರ್ರಿ. ಬಾಳ ಸಸಾರ ಐತಿ ಇದು.”

ನಾನು ಮಣ್ಣಿನಲ್ಲಿ ಕಪಿಲೆ ಬರೆದೆ. ಕಪಿಲೆಯನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬರೆದು ನೋಡಿದರೆ ಅದರಲ್ಲಿ ಎರಡು ಹಗ್ಗ ಇದ್ದವು.

ಈಗ ಸಿಂಧನೂರಿನ ಸುತ್ತ ವಳಕಮದಿನ್ನಿ, ಸಾಲಗುಂದದ ಕಡೆಯೆಲ್ಲ ಕಾಲುವೆ ನೀರು, ಭತ್ತ. ಕಪಿಲೆ ನೋಡಿದವರು ಕಡಿಮೆ, ಆದ್ದರಿಂದ ಹೇಳಿಬಿಡುತ್ತೇನೆ. ಆ ಚೀಲಕ್ಕೆ ಮೇಲೆ ಅಗಲವಾದ ಬಾಯಿ, ಕೆಳಗೆ ಉದ್ದನೆಯ ಸೊಂಡಿಲು. ದೊಡ್ಡ ಹಗ್ಗ ಬಾಯಿಗೆ ಕಟ್ಟಿದ್ದು, ಮೇಲಿನ ಗಾಲಿಯಿಂದ ಬರುತ್ತದೆ. ಸಣ್ಣ ಹಗ್ಗ ಸೊಂಡಿಲಿನ ತುದಿಗೆ ಕಟ್ಟಿದ್ದು, ಕೆಳಗಿನ ಉರುಳೆಯಿಂದ ಬರುತ್ತದೆ. ಚೀಲ ಮೇಲೇರುವಾಗ ಸಣ್ಣ ಹಗ್ಗ ಸೊಂಡಿಲನ್ನು ಬಾಯಿಯ ಮಟ್ಟಕ್ಕೆ ಮಡಚಿ ಹಿಡಿದಿರುತ್ತದೆ, ಅದಕ್ಕೇ ನೀರು ಚೆಲ್ಲುವುದಿಲ್ಲ. ದಡಕ್ಕೆ ಬಂದ ಕೂಡಲೇ ಅದೇ ಹಗ್ಗ ಸೊಂಡಿಲನ್ನು ಮುಂದಕ್ಕೆ ಚಾಚುತ್ತದೆ, ನೀರು ತಾನಾಗಿ ದೋಣಿಗೆ, ಅಂದರೆ ದಡದ ಕಲ್ಲಿನ ತೊಟ್ಟಿಗೆ, ಸುರಿಯುತ್ತದೆ. ಎರಡು ಹಗ್ಗ ಇದ್ದಮೇಲೆ ನಾಲ್ಕು ಮಣದ ಭಾರವೂ ಎರಡಕ್ಕೆ ಹಂಚಿಕೆಯಾಗಬೇಕಲ್ಲ. ಯಾವುದಕ್ಕೆ ಎಷ್ಟು? ಒಳಗೆ ಕೂಗಿ ಕೇಳೋಣ ಎನ್ನುವಷ್ಟರಲ್ಲಿ ಪಾಠ ಮುಗಿದು ಹುಡುಗರು ಹೊರಗೆ ಬಂದಿದ್ದರು.

ಮನೆಗೆ ಹೋಗಿ ಅಪ್ಪನಿಗೆ ಲೆಕ್ಕ ಓದಿ ಹೇಳಿದೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಹೊಲಿಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದ.

“ಒಂದ ಹಗ್ಗ ಅಂತ ಬರದಾರೇನು?”

“ಹೂಂ ಅಪ್ಪಾ. ಹಗ್ಗದ ಮ್ಯಾಲೆ ಅಂತ ಐತಿ.”

“ಸೊಂಡ್ಲಾ ಯಾರು ಹಿಡೀಬೇಕು ಹಂಗಾರ? ಪುಸ್ತಕ ಬರದಾಂವ ಬಾವಿಯೊಳಗ ಇಳದು ನಿಂತಾನೇನು?”

ನನಗೆ ನಗು ಬಂತು, ಅಪ್ಪ ಮಾತ್ರ ನಗಲಿಲ್ಲ. ಹೊಲಿಗೆ ಬದಿಗಿಟ್ಟು ಎದ್ದ. ಸಾಲಗುಂದದವರಿಗೆಂದು ಹೊಲಿದ ಹೊಸ ಚೀಲವೊಂದು ಸಿದ್ಧವಿತ್ತು. ಯಾವ ಚೀಲವನ್ನೇ ಆಗಲಿ ಕೊಡುವ ಮೊದಲು ಕೇರಿಯ ಹಿಂದಿನ ಹಳ್ಳದ ಬದಿಯ ಹುಣಸೆ ಗಿಡಕ್ಕೆ ಕಟ್ಟಿ, ನೀರು ತುಂಬಿ, ಹೊಲಿಗೆ ಸೋರುತ್ತದೆಯೇ ಎಂದು ನೋಡುವುದು ಅಪ್ಪನ ಪದ್ಧತಿ. ಅದಕ್ಕೆಂದೇ ಕೊಂಬೆಗೆ ಎರಡು ಗಾಲಿ ಕಟ್ಟಿದ್ದ. ಅವತ್ತು ಮಧ್ಯಾಹ್ನ ಸೋರಿಕೆಯ ಜೊತೆಗೆ ನನ್ನ ಲೆಕ್ಕವನ್ನೂ ನೋಡುವುದೆಂದಾಯಿತು.

ಗಾಲಿಗಳಿಗೆ ಔಡಲೆಣ್ಣೆ ಹಚ್ಚಿದೆವು. ಅಪ್ಪ, ಅವ್ವ, ನಾನು ಮೂವರೂ ಕೊಡದಿಂದ ಹಳ್ಳದ ನೀರು ಹೊತ್ತು ಚೀಲ ತುಂಬಿದೆವು. ಅಪ್ಪನ ಹತ್ತಿರ ಹತ್ತು ಹತ್ತು ಸೇರಿನ ತೂಕದ ಕಲ್ಲುಗಳಿದ್ದವು, ನೆನೆಸಿದ ತೊಗಲನ್ನು ಹಿಗ್ಗಿಸಿ ಕಟ್ಟಲು ಇಟ್ಟುಕೊಂಡವು. ಎರಡೂ ಹಗ್ಗಗಳ ಈ ತುದಿಗೆ ಒಂದೊಂದು ಬುಟ್ಟಿ ಕಟ್ಟಿ ಕಲ್ಲು ಹೇರತೊಡಗಿದೆವು. ಸಣ್ಣ ಹಗ್ಗಕ್ಕೆ ಎರಡು ಕಲ್ಲು ಹಾಕಿದರೆ ಸೊಂಡಿಲು ಜೋತುಬಿದ್ದು ನೀರು ಚೆಲ್ಲಿತು. ನಾಲ್ಕು ಹಾಕಿದರೆ ಸೊಂಡಿಲು ಬಾಯಿಗಿಂತ ಮೇಲೆ ಹೋಗಿ ಚೀಲವೇ ವಾಲಿತು. ಮೂರು ಹಾಕಿದಾಗ ಸರಿಯಾಗಿ ನಿಂತಿತು. ಆಗ ದೊಡ್ಡ ಹಗ್ಗದ ಬುಟ್ಟಿಯಲ್ಲಿ ಹದಿಮೂರು ಕಲ್ಲು. ಚೀಲ ಏರಲೂ ಇಲ್ಲ, ಇಳಿಯಲೂ ಇಲ್ಲ.

ಹದಿಮೂರು ಮೂರು ಹದಿನಾರು, ನೂರರವತ್ತು ಸೇರು. ನಲವತ್ತು ಸೇರಿಗೆ ಒಂದು ಮಣ, ಹಾಗಾಗಿ ನಾಲ್ಕು ಮಣ. ಪುಸ್ತಕದ ಭಾರವೇ ನಮ್ಮ ಚೀಲದ ಭಾರವೂ ಆಗಿತ್ತು! ಬೇಕೆಂದರೂ ಹಾಗೆ ಹೊಂದುತ್ತಿರಲಿಲ್ಲವೇನೋ. ಮೂರೂ ಜನ ಬೆವರಿ ತೊಯ್ದಿದ್ದೆವು. ಗಾಲಿ ತಿಕ್ಕುವುದರಿಂದ ಅರ್ಧ ಕಲ್ಲು ಆಚೆ ಈಚೆ ಆಗಿರಬಹುದು ಎಂದು ಅಪ್ಪನೇ ಹೇಳಿದ, ಅದನ್ನೂ ಬರೆದುಕೊಂಡೆ. ದೊಡ್ಡ ಹಗ್ಗಕ್ಕೆ ಮೂರು ಮಣ ಹತ್ತು ಸೇರು, ಸಣ್ಣ ಹಗ್ಗಕ್ಕೆ ಮೂವತ್ತು ಸೇರು. ಕಾರಣ ಸಮೇತ ಎಂದಿದ್ದರಲ್ಲ, ಹುಣಸೆ ಗಿಡದಿಂದ ಹಿಡಿದು ಎಲ್ಲ ಕಾರಣವನ್ನೂ ಬರೆದೆ.

ಮಾರನೆಯ ದಿನ ಶಾಲೆಯಲ್ಲಿ ಎಲ್ಲರ ನೋಟುಬುಕ್ಕಿನಲ್ಲೂ ‘ನಾಲ್ಕು ಮಣ’ ಎಂದಿತ್ತು. ನನ್ನದನ್ನು ಓದುತ್ತಾ ಮಾಸ್ತರರ ಹುಬ್ಬು ಗಂಟಿಕ್ಕಿತು. ಉತ್ತರಕ್ಕೆ ಅಡ್ಡಗೆರೆ ಎಳೆದರು.

“ಏನಿದು, ಹುಣಸಿ ಗಿಡ, ಕಲ್ಲು? ಲೆಕ್ಕದಾಗ ಹುಣಸಿ ಗಿಡ ಎಲ್ಲೈತಿ?”

“ಕಪಲಿಗೆ ಎರಡು ಹಗ್ಗ ಇರ್ತಾವ್ರಿ. ತೂಗಿ ನೋಡೀವ್ರಿ.”

“ಪುಸ್ತಕದಾಗ ಒಂದೈತಿ.”

“ಪುಸ್ತಕದ ಕಪಲಿ ನೀರು ಸುರುವಂಗಿಲ್ರಿ.”

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಮಾಸ್ತರರ ಮುಖ ಕೆಂಪಾಯಿತು. ಅವರು ರಾಯಚೂರಿನ ಕೋಟೆಯ ಮಗ್ಗುಲಲ್ಲಿ ಬೆಳೆದವರು, ಕಪಿಲೆಯನ್ನು ಗಾಡಿಯಲ್ಲಿ ಹೋಗುವಾಗ ದೂರದಿಂದ ಕಂಡಿದ್ದರೆ ಕಂಡಿರಬೇಕು. “ಇಮ್ತಿಹಾನ್ ಕಾಗದ ನೋಡವರು ಇಲ್ಲಿಯವರಲ್ಲ. ನಾಕು ಮಣ ಅಂತ ಬರದ್ರ ಪಾಸು, ಇದನ್ನ ಬರದ್ರ ಸೊನ್ನಿ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ಮುಂದಿನ ವಾರ ಇಮ್ತಿಹಾನಿಗೆ ಹೆಸರು ಕಳಸಬೇಕು. ಇದನ್ನ ಒರಸಿ, ಬರೋ ಶುಕ್ರವಾರ ಸರಿಯಾಗಿ ಬರಕೊಂಡು ಬಾ. ಇಲ್ಲಂದ್ರ ನಿನ್ನ ಹೆಸರು ಕಳಸಂಗಿಲ್ಲ” ಎಂದರು. ನೋಟುಬುಕ್ಕನ್ನು ಎಂದಿನಂತೆ ನೆಲದ ಮೇಲಿಟ್ಟರು. ಅವತ್ತು ಅದು ಇಟ್ಟ ಹಾಗಿರಲಿಲ್ಲ, ಬಿದ್ದಿತು.

ಆರು ದಿನ ನನಗೆ ಊಟ ಸೇರಲಿಲ್ಲ. ಸುಳ್ಳು ಹೇಳುವುದಿಲ್ಲ, ಒರೆಸಿಬಿಡೋಣ ಎಂದು ಎರಡು ಮೂರು ಸಲ ಅನ್ನಿಸಿತು. ಒಂದು ಗೆರೆ ಒರೆಸಿದರೆ ರಾಯಚೂರು. ಯಾರಿಗೆ ಏನು ನಷ್ಟ? ಕೊನೆಗೆ ಗುರುವಾರ ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಅಪ್ಪ ದಬ್ಬಳವನ್ನು ಬಾಯಲ್ಲಿ ಕಚ್ಚಿಕೊಂಡು ಹೊಲಿಗೆಯ ದಾರವನ್ನು ಬಿಗಿಯಾಗಿ ಎಳೆದ. ನಾನು ತೊಗಲು ಮುಟ್ಟಬಾರದು, ಓದಬೇಕು ಎಂದು ಕೇರಿಯವರ ಕೊಂಕು ಮಾತನ್ನೆಲ್ಲ ಸಹಿಸಿದವನು ಅವನು. ಒರೆಸು ಎಂದಿದ್ದರೆ ನಾನು ಒರೆಸುತ್ತಿದ್ದೆ.

“ಹೊಲಿಯೋದು ಎಲ್ಲೂ ಹೋಗಂಗಿಲ್ಲ, ಇಲ್ಲೇ ಐತಿ” ಎಂದ ಕಡೆಗೆ. “ಆದ್ರ ತಮ್ಮಾ, ಆ ಮೂರು ಕಲ್ಲು ನಾನ ಎತ್ತಿ ಹಾಕೀನಿ. ಅವು ಇರಲಿಲ್ಲ ಅಂತ ಬರದು ಪಾಸಾಗಿ ಮನಿಗೆ ಬರಬ್ಯಾಡ.”

ಶುಕ್ರವಾರ ನೋಟುಬುಕ್ಕನ್ನು ಹಾಗೇ ಹಿಡಿದುಕೊಂಡು ಹೋದೆ. ಬೇವಿನ ಗಿಡದ ಬುಡದಲ್ಲಿ ಕೂರಲಿಲ್ಲ, ನಿಂತೆ. ಮಾಸ್ತರರು ಕಿಟಕಿಗೆ ಬಂದು ಕೇಳಿದರು. “ಒರಸೀಯೇನು?”

“ಇಲ್ರಿ.”

“ಯಾಕ?”

“ತಪ್ಪು ಎಲ್ಲೈತಿ ಅಂತ ತೋರಸ್ರಿ, ಒರಸ್ತೀನಿ. ನಿಮ್ಮ ಹಲಗಿ ಮ್ಯಾಲಿನ ಚಿತ್ರ ನಾ ನೋಡೇ ಇಲ್ರಿ. ಒಂದು ವರ್ಷಾತು, ಒಂದೂ ನೋಡಿಲ್ರಿ.”

ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ತೋಟದವರ ಮನೆಯ ಹುಡುಗನೊಬ್ಬ ಮೆಲ್ಲಗೆ, “ಮಾಸ್ತರ್ರಿ, ನಮ್ಮ ಕಪಲಿಗೂ ಎರಡ ಹಗ್ಗ ಅದಾವ್ರಿ” ಎಂದ.

“ಮತ್ತ ನೀ ಯಾಕ ನಾಕು ಮಣ ಅಂತ ಬರದಿ?”

“ಹಲಗಿ ಮ್ಯಾಲೆ ಒಂದ ಇತ್ತಲ್ರಿ.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆ ಹುಡುಗರಲ್ಲಿ ಅರ್ಧ ಜನ ಹುಟ್ಟಿದಾಗಿನಿಂದ ಕಪಿಲೆ ನೋಡಿದವರು, ಅದರ ಹಗ್ಗದ ಮೇಲೆ ಕುಳಿತು ಎತ್ತು ಹೊಡೆದವರು. ಹಲಗೆಯ ಮೇಲೆ ಒಂದು ಗೆರೆ ಕಂಡದ್ದೇ ತಡ, ಮನೆಯ ಬಾವಿಯನ್ನು ಮರೆತಿದ್ದರು. ಇಲ್ಲಿ ಯಾರಾದರೂ ‘ನೋಡಿದಿರಾ, ಹೊರಗೆ ಕೂತದ್ದೇ ನಿಮಗೆ ಒಳ್ಳೆಯದಾಯಿತು’ ಎನ್ನುವುದುಂಟು. ಅವರಿಗೆ ಹೇಳುತ್ತೇನೆ, ಒಳಗೆ ಕೂತಿದ್ದರೂ ನಾನು ನಮ್ಮಪ್ಪನ ಮಗನೇ. ಹಲಗೆಯನ್ನು ನೋಡಿದ ಕೂಡಲೇ ಇನ್ನೊಂದು ಹಗ್ಗ ಎಲ್ಲಿ ಎಂದು ಕೇಳುತ್ತಿದ್ದೆ, ಒಂದು ವಾರ ಊಟ ಬಿಡುವುದೂ ತಪ್ಪುತ್ತಿತ್ತು.

ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. ತಪ್ಪು ತೋರಿಸಿಯೇ ತೀರುತ್ತೇನೆ ಎಂದು ಹಲಗೆಯನ್ನು ಗೋಡೆಯಿಂದ ಬಿಚ್ಚಿ, ಹೊತ್ತುಕೊಂಡು ಹೊಸ್ತಿಲು ದಾಟಿ ಬಂದು, ಬೇವಿನ ಗಿಡಕ್ಕೆ ಹೊಡೆದಿದ್ದ ಮೊಳೆಗೆ ತೂಗುಹಾಕಿದರು. ಹಿಂದೆಯೇ ಹುಡುಗರೆಲ್ಲ ಅಂಗಳಕ್ಕೆ ಬಂದರು. ಕೊನೆಗೂ ಹಲಗೆ ನೋಡಿದೆ. ಒಂದು ಮೂಲೆ ಸೀಳಿದ್ದ, ಮಸಿ ಹಾರಿದ ಹಳೆಯ ಹಲಗೆ. ಇದಕ್ಕಾಗಿಯೇ ಇಷ್ಟೆಲ್ಲ ಎನ್ನಿಸಿತು. ಅದರ ಮೇಲೆ ಹೋದ ಶುಕ್ರವಾರ ಬರೆದಿದ್ದ ಗಾಲಿ, ಚೀಲ, ಒಂದೇ ಹಗ್ಗ.

ಮಾಸ್ತರರು ಸೀಮೆಸುಣ್ಣವನ್ನು ಗಿಡದ ಬುಡದ ಕಲ್ಲಿನ ಮೇಲಿಟ್ಟು ದೂರ ಸರಿದರು. “ಬರಿ ನಿನ್ನ ಎರಡನೇ ಹಗ್ಗ.”

ಶಾಲೆಯಲ್ಲಿ ಕೂಡ ನನ್ನನ್ನು ಹಲಗೆಗೆ ಯಾರೂ ಕರೆದಿರಲಿಲ್ಲ. ಸುಣ್ಣದ ತುದಿಯಷ್ಟೇ ತಾಗುವಂತೆ ಬರೆಯಬಹುದಿತ್ತು, ಅವರೂ ಹಾಗೇ ಅಂದುಕೊಂಡಿದ್ದರು ಎಂದು ಕಾಣುತ್ತದೆ. ನಾನು ಮೊದಲು ಎಡ ಅಂಗೈಯನ್ನು ಪೂರ್ತಿ ಹಲಗೆಯ ಮೇಲೆ ಊರಿದೆ, ಬೇಕೆಂದೇ ಊರಿದೆ. ಆಮೇಲೆ ಸೊಂಡಿಲು ಬರೆದೆ, ಕೆಳಗಿನ ಉರುಳೆ ಬರೆದೆ, ಸಣ್ಣ ಹಗ್ಗ ಎಳೆದೆ. ಪಕ್ಕದಲ್ಲಿ ಹದಿಮೂರು, ಮೂರು ಎಂದು ಬರೆದು, ಸಣ್ಣ ಹಗ್ಗಕ್ಕೆ ಎರಡು ಕಲ್ಲು ಹಾಕಿದರೆ ಏನಾಯಿತು, ನಾಲ್ಕು ಹಾಕಿದರೆ ಏನಾಯಿತು, ಎಲ್ಲ ಹೇಳಿದೆ.

ಮಾಸ್ತರರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಪುಸ್ತಕ ತೆಗೆದು ಇನ್ನೊಮ್ಮೆ ಓದಿದರು. ತೋಟದವರ ಹುಡುಗನನ್ನು ಕರೆದು “ಸೊಂಡ್ಲಾ ಮಡಚೇ ಇರತೈತೇನು, ಮ್ಯಾಲೆ ಬರೋತನಕ?” ಎಂದು ಕೇಳಿದರು. ಅವನು ಹೌದೆಂದ. ಆಮೇಲೆ ನನ್ನ ಕಡೆ ತಿರುಗಿ, “ಇಮ್ತಿಹಾನಿನಾಗ ಒಂದ ಹಗ್ಗಾದ್ರ ನಾಕು ಮಣ, ಎರಡಾದ್ರ ಇಷ್ಟಿಷ್ಟು ಅಂತ ಎರಡೂ ಬರಿ. ನಾಳಿಗೆ ನಿನ್ನ ಹೆಸರು ಕಳಸ್ತೀನಿ” ಎಂದರು. ತಪ್ಪಾಯಿತು ಎಂದು ಹೇಳಲಿಲ್ಲ. ನಾನು ಅದಕ್ಕಾಗಿ ಕಾದೆ. ಹೇಳಲಿಲ್ಲ.

ಅವರು ಹಲಗೆ ಎತ್ತಿಕೊಳ್ಳಲು ಕೈ ಚಾಚಿದಾಗ ಬಾಗಿಲಲ್ಲಿ ಅವರ ತಾಯಿ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು.

“ಅದನ್ನ ಒಳಗ ತರಬ್ಯಾಡ. ಮುಟ್ಟ್ಯಾನ ಅದನ್ನ.”

“ತೊಳದು ತರ್ತೀನವ್ವಾ.”

“ತಾಮ್ರ ಆಗಿದ್ರ ಹುಳಿ ಹಚ್ಚಿ ತೊಳದು ತರಬಹುದಿತ್ತು. ಕಟ್ಟಿಗಿ ಅದು. ಹೊರಗ ಇರಲಿ.”

ಮಾಸ್ತರರು ಹಲಗೆಯ ಕಡೆ ನೋಡಿದರು, ತಾಯಿಯ ಕಡೆ ನೋಡಿದರು. ಊರಲ್ಲಿ ಅಂಥ ಇನ್ನೊಂದು ಹಲಗೆ ಶಾಲೆಯಲ್ಲಿ ಬಿಟ್ಟರೆ ಇರಲಿಲ್ಲ. ಹಲಗೆಯನ್ನು ಗಿಡದಲ್ಲೇ ಬಿಟ್ಟು ಒಳಗೆ ಹೋದರು.

ಮುಂದಿನ ಶುಕ್ರವಾರ ನಾನು ಬೇಕೆಂದೇ ಸ್ವಲ್ಪ ತಡವಾಗಿ ಹೋದೆ. ಹಲಗೆ ಬೇವಿನ ಗಿಡದಲ್ಲೇ ತೂಗುತ್ತಿತ್ತು. ಮಾಸ್ತರರು ಅಂಗಳದಲ್ಲಿ ನಿಂತು ಪಾಠ ಹೇಳುತ್ತಿದ್ದರು. ಪಡಸಾಲೆಯ ಹುಡುಗರೆಲ್ಲ ಅದರ ಮುಂದೆ ಮಣ್ಣಿನಲ್ಲಿ ಕುಳಿತಿದ್ದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ನಾನು ವರ್ಷವಿಡೀ ಕೂತ ಬುಡದ ಜಾಗವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಹಲಗೆಗೆ ಅದೇ ಎಲ್ಲಕ್ಕಿಂತ ಹತ್ತಿರದ ಜಾಗವಾಗಿತ್ತು. ಹೋಗಿ ಅಲ್ಲಿಯೇ ಕೂತೆ.